ಮಜ್ಜಿಗೆ ತುಳುಕದ ಗಾಡಿ

ನಮ್ಮ ಸೋದರತ್ತೆ ತಮ್ಮ ಇಬ್ಬರು ಅಳಿಯಂದಿರನ್ನು ಒಪ್ಪಿಕೊಂಡದ್ದು ಒಂದೊಂದು ಲೋಟ ಕಾಫಿ ಆರುವಷ್ಟರಲ್ಲಿ. ಹುಡುಗ ಬಂದ, ಕೂತ, ಉಪ್ಪಿಟ್ಟು ತಿಂದ, ಅತ್ತೆ "ಆಗಬಹುದು" ಎಂದರು, ಮುಗಿಯಿತು. ಅದೇ ಅತ್ತೆ ಮಣ್ಣೆತ್ತುವ ಒಂದು ಹಳೇ ಗಾಡಿಯನ್ನು ಒಪ್ಪಿಕೊಳ್ಳಲು ಯುಗಾದಿಯಿಂದ ಹಿಡಿದು ದೀಪಾವಳಿ ಹತ್ತಿರ ಬರುವವರೆಗೆ ತೆಗೆದುಕೊಂಡರು! ಯಾಕೆ ಅಂತ ಕೇಳಿದವರಿಗೆ ಉತ್ತರ ನಾಲಿಗೆ ತುದಿಯಲ್ಲೇ ಇತ್ತು: "ಅಳಿಯ ಸರಿ ಇಲ್ಲ ಅಂದ್ರೆ ಮಗಳು ಸರಿ ಮಾಡ್ಕೋತಾಳೆ. ಗಾಡಿ ಸರಿ ಇಲ್ಲ ಅಂದ್ರೆ ಯಾರು ಮಾಡ್ತಾರೆ? ನೀನ್ ಬಂದು ಮಾಡ್ತೀಯಾ?"

ಅತ್ತೆಗೆ ತಲೆ ಕೆಟ್ಟಿದೆ ಎಂದು ಮಲ್ಲತ್ತಹಳ್ಳಿಯಿಂದ ರಾಜಾಜಿನಗರದವರೆಗೆ ಹರಡಿಕೊಂಡಿರುವ ನಮ್ಮ ನೆಂಟರೆಲ್ಲ ಒಕ್ಕೊರಲಿನಿಂದ ತೀರ್ಮಾನಿಸಿದ್ದಾರೆ. ಒಂದು ನಾಮಕರಣದ ಊಟಕ್ಕೆ ಪಾಯಸ ಯಾವುದು ಎಂಬುದರಲ್ಲೂ ಒಮ್ಮತಕ್ಕೆ ಬಾರದ ಜನ ಇದೊಂದರಲ್ಲಿ ಬಂದುಬಿಟ್ಟರು. ನಾನು ಒಪ್ಪುವುದಿಲ್ಲ. ಬಸವೇಶ್ವರನಗರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವವಳು ನಾನು. ತಲೆ ಕೆಟ್ಟವರನ್ನು ದಿನಾ ನೋಡುತ್ತೇನೆ, ಅವರಲ್ಲಿ ಅರ್ಧ ಜನ ಸ್ಟಾಫ್ ರೂಮಿನಲ್ಲೇ ಇರುತ್ತಾರೆ. ಅತ್ತೆ ಆ ಪೈಕಿ ಅಲ್ಲ. ಗಾಡಿ ಹುಡುಕುವಾಗ ಅವರನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿದವಳೂ ನಾನೇ, ಹಾಗಾಗಿ ಸಾಕ್ಷಿ ಹೇಳುವ ಹಕ್ಕು ನನಗಿದೆ.

ಮೊದಲು ನಮ್ಮ ಮಾವನ ವಿಷಯ ಹೇಳಬೇಕು. ಅಂದರೆ ಅತ್ತೆಯ ಯಜಮಾನರು. ಮಲ್ಲತ್ತಹಳ್ಳಿ ಇನ್ನೂ ಹಳ್ಳಿಯಾಗಿಯೇ ಇದ್ದ ಕಾಲದಲ್ಲಿ ಅಲ್ಲಿ ಬೇಸಾಯ ಮಾಡಿದವರು. ಹೊಲ ಸೈಟಾಯಿತು, ಸೈಟು ಮನೆಯಾಯಿತು, ಮನೆಗೆ ಬಾಡಿಗೆಯವರು ಬಂದರು. ಬೇರೆ ಯಾರಾದರೂ ಆಗಿದ್ದರೆ ಕಾಲ ಮೇಲೆ ಕಾಲು ಹಾಕಿಕೊಂಡು ಬಾಡಿಗೆಯಲ್ಲೇ ಹಾಯಾಗಿರುತ್ತಿದ್ದರು. ಮಾವನಿಗೆ ಮಣ್ಣು ಮುಟ್ಟದಿದ್ದರೆ ಊಟ ಸೇರುವುದಿಲ್ಲ. ಉಳುವುದಕ್ಕೆ ಹೊಲ ಇಲ್ಲದಿದ್ದರೇನಂತೆ, ಊರಿಗೆ ಊರೇ ಪಾಯ ತೋಡುತ್ತಿದೆಯಲ್ಲ! ಒಂದು ಪುಟ್ಟ ಲೋಡರ್ ಗಾಡಿ ತಂದರು. ಮುಂದೆ ಮಣ್ಣು ಬಳಿಯುವ ದೊಡ್ಡ ಬಕೆಟ್, ನಡುವೆ ಒಬ್ಬರೇ ಕೂರುವಂಥ ಗೂಡು, ಕೆಳಗೆ ನಾಲ್ಕು ಚಕ್ರ. ದೊಡ್ಡ ಯಂತ್ರಗಳು ತೂರಲಾರದ ಕಾಮಾಕ್ಷಿಪಾಳ್ಯದ ಗಲ್ಲಿಗಳಿಗೆಲ್ಲ ತೂರಿ, ಪಾಯದ ಮಣ್ಣು ಎತ್ತುವುದು, ಒಡೆದ ಮನೆಯ ಇಟ್ಟಿಗೆ ಗಾರೆ ಬಳಿಯುವುದು, ಇದೇ ಅವರ ಹೊಸ ಬೇಸಾಯವಾಯಿತು. ಸಂಜೆ ಮೈಯೆಲ್ಲ ಕೆಂಪು ಧೂಳು ಮಾಡಿಕೊಂಡು ಬಂದು, "ಇವತ್ತು ಒಳ್ಳೇ ಮಣ್ಣು ಕಣೇ, ಕಡ್ಲೆಕಾಯಿ ಹಾಕಿದ್ರೆ ಹುಲುಸಾಗಿ ಬರೋದು" ಎಂದು ಅತ್ತೆಗೆ ವರದಿ ಒಪ್ಪಿಸುತ್ತಿದ್ದರು. ಅಲ್ಲಿ ಬಂದದ್ದು ನಾಲ್ಕಂತಸ್ತಿನ ಬಿಲ್ಡಿಂಗು, ಆ ಮಾತು ಬೇರೆ.

ಆದರೆ ಆ ಗಾಡಿಗೆ ಸ್ಪ್ರಿಂಗು ಗಿಂಗು ಏನೂ ಇರಲಿಲ್ಲ. ಚಕ್ರ ಒಂದು ಕಲ್ಲು ಹತ್ತಿ ಇಳಿದರೆ ಆ ಕಲ್ಲಿನ ಸಮಾಚಾರ ನೇರವಾಗಿ ಮಾವನ ಸೊಂಟಕ್ಕೆ ಹೋಗುತ್ತಿತ್ತು. ವರ್ಷಗಟ್ಟಲೆ ಹೋಗಿ ಹೋಗಿ ಒಂದು ದಿನ ಸೊಂಟ ಸಾಕು ಎಂದುಬಿಟ್ಟಿತು. ಗಾಡಿಯಿಂದ ಇಳಿಸಿಕೊಳ್ಳಲು ಇಬ್ಬರು ಬೇಕಾದರು. ಹೆಣ್ಣುಮಕ್ಕಳು, ಅಳಿಯಂದಿರು ಓಡಿ ಬಂದರು, ಗಾಡಿ ಮಾರಾಟವಾಯಿತು. ಮಾವ ಹಾಸಿಗೆಯಿಂದ ಎದ್ದರು, ಓಡಾಡಿದರು, ಆದರೆ ಮೆಟ್ಟಿಲ ಮೇಲೆ ಕೂತು ಬಿಟ್ಟರೆ ಊಟಕ್ಕೆ ಕರೆದರೂ ಏಳರು. ಮಾತು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಮೊದಲು ಮೂರು ಮುದ್ದೆ ಉಣ್ಣುತ್ತಿದ್ದವರು ಒಂದನ್ನು ಮುರಿದು ತಟ್ಟೆಯಲ್ಲೇ ಬಿಟ್ಟು ಏಳತೊಡಗಿದರು. ಅದನ್ನು ನೋಡಿದ ದಿನ ಅತ್ತೆ ನನಗೆ ಫೋನು ಮಾಡಿದರು.

"ನಾಳೆ ರಜ ಹಾಕೇ. ಡಾಕ್ಟ್ರ ಹತ್ರ ಹೋಗ್ಬೇಕು."

"ಯಾಕತ್ತೆ, ಮಾವನಿಗೆ ಮತ್ತೆ ನೋವಾ?"

"ನೋವಿದ್ದಿದ್ರೆ ಬೈಕೊಂಡಾದ್ರೂ ಇರ್ತಿದ್ರು. ಈ ಮನುಷ್ಯ ಬೈಯೋದನ್ನೂ ಬಿಟ್ಬಿಟ್ಟಿದಾರೆ ಕಣೇ!"

ವಿಜಯನಗರದ ಆ ಮೂಳೆ ಡಾಕ್ಟರು ಬಹಳ ಸಾಧು ಮನುಷ್ಯ. ಮಾವನ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು, "ನೋಡಿ ತಾಯಿ, ಕುಲುಕಾಟ ಕೂಡದು. ಮತ್ತೆ ಆ ಗಾಡಿ ಹತ್ತಿದ್ರೆ ನನ್ ಜವಾಬ್ದಾರಿ ಅಲ್ಲ" ಎಂದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರು ಹಾಗೆ ಸಿಕ್ಕಿಸಿಕೊಂಡಾಗ ಎದುರಿಗಿದ್ದವರು ಎದ್ದು ಹೋಗುವುದು ಕ್ಷೇಮ. ಪಾಪ, ಡಾಕ್ಟರಿಗೆ ಗೊತ್ತಿರಲಿಲ್ಲ.

"ಕುಲುಕಾಟ ತಾನೆ ಕೂಡದು? ಕೆಲಸ ಕೂಡದು ಅಂತ ಎಲ್ಲಿ ಹೇಳಿದ್ರಿ ನೀವು?"

"ಅಲ್ಲಮ್ಮಾ, ಕುಲುಕದೇ ಇರೋ ಮಣ್ಣು ತೋಡೋ ಗಾಡಿ ಎಲ್ಲಾದ್ರೂ ಇದ್ಯಾ?"

"ಇದ್ರೆ?"

"ಇದ್ರೆ..." ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಅಂಥದ್ದು ಸಿಕ್ಕಿದ್ರೆ, ದಿನಾ ಸ್ವಲ್ಪ ಹೊತ್ತು, ನಿಧಾನಕ್ಕೆ, ನೋಡೋಣ."

"ಸಾಕ್ ಬಿಡಿ. ಸೊಂಟ ಕೆಟ್ಟಿದೆ ಅಂತ ಮನುಷ್ಯನ್ನೇ ಮೂಲೆಗೆ ಹಾಕೋಕಾಗತ್ತಾ?" ಎಂದು ಅತ್ತೆ ಎದ್ದರು. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ಮೇಲಿನ ಬೆನ್ನುಮೂಳೆಯ ಚಿತ್ರ ನೋಡಿದೆ.

ಕುಲುಕದ ಗಾಡಿ ಎಂಬುದು ಇತ್ತು, ನಂಬಿ! ಚಕ್ರದ ಬದಲು ಎರಡು ಕಡೆಯೂ ದಪ್ಪ ರಬ್ಬರಿನ ಪಟ್ಟಿ ಸುತ್ತಿಕೊಂಡು, ಯುದ್ಧದ ಟ್ಯಾಂಕಿನ ಹಾಗೆ ತೆವಳಿಕೊಂಡು ಹೋಗುವ ಪುಟ್ಟ ಲೋಡರು. ಆ ಕೆಲಸದವರು ಅದನ್ನು ಚೈನ್ ಗಾಡಿ ಎನ್ನುತ್ತಾರೆ. ಗುಂಡಿ ಬಂದರೆ ಪಟ್ಟಿ ಅದರ ಮೇಲೆ ಹಾಸಿಕೊಂಡು ಹೋಗುವುದರಿಂದ ಏಟು ಕಡಿಮೆಯಂತೆ. ಕೆಲವದರಲ್ಲಿ ಕೆಳಗೆ ಸ್ಪ್ರಿಂಗೂ ಇರುತ್ತದಂತೆ, ಸೀಟಿಗೆ ಗಾಳಿ ತುಂಬಿರುತ್ತದಂತೆ. ಹೊಸದರ ಬೆಲೆ ಹೇಳಿದಾಗ ಅತ್ತೆ ಫೋನನ್ನು ಕಿವಿಯಿಂದ ದೂರ ಹಿಡಿದು, ಅದು ಫೋನೇ ಹೌದೋ ಅಲ್ಲವೋ ಎಂಬಂತೆ ನೋಡಿದರು. ಆಮೇಲೆ, "ಹಳೇದೇ ತಗೊಳ್ಳೋಣ. ಹೊಸದು ಕುಲುಕತ್ತೋ ಇಲ್ವೋ ಅನ್ನೋದು ಯಾರಿಗ್ ಗೊತ್ತು? ಹಳೇದರ ಬಣ್ಣ ಆಗಲೇ ಬಯಲಾಗಿರತ್ತೆ" ಎಂದರು.

ಹೀಗೆ ನಮ್ಮ ಯಾತ್ರೆ ಶುರುವಾಯಿತು. ಭಾನುವಾರವಾದರೆ ಅತ್ತೆ ನನ್ನ ಮನೆ ಮುಂದೆ ಹಾಜರು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಹಿತ್ತಾಳೆ ಚೆಂಬು, ಚೆಂಬಿನ ತುಂಬ ಮಜ್ಜಿಗೆ.

"ಇದ್ಯಾಕತ್ತೆ?"

"ಪರೀಕ್ಷೆಗೆ."

ವಿಷಯ ಇಷ್ಟು: ಗಾಡಿಯಲ್ಲಿರುವುದು ಒಂದೇ ಸೀಟು. ಅತ್ತೆ ಅದರಲ್ಲಿ ಕೂತು, ಮಜ್ಜಿಗೆ ಚೆಂಬನ್ನು ಮಂಡಿಗಳ ನಡುವೆ ಒತ್ತಿ ಹಿಡಿದು, ಗಾಡಿಯನ್ನು ತಾವೇ ಓಡಿಸಿ ಒಂದು ಸುತ್ತು ಬರುವುದು. ಮಜ್ಜಿಗೆ ತುಳುಕಿದರೆ ಗಾಡಿ ಫೇಲು. ನೀರು ಯಾಕಾಗದು ಎಂದು ನಾನು ಕೇಳಿದೆ. "ನೀರು ಒಣಗೋಗತ್ತೆ, ಇಲ್ಲ ಅಂತ ಬ್ರೋಕರ್ ಸಾಧಿಸ್ತಾನೆ. ಮಜ್ಜಿಗೆ ಸೀರೆ ಮೇಲೆ ಸಾಕ್ಷಿ ಉಳಿಸತ್ತೆ" ಎಂದರು. ಗಣಿತ ಹೇಳಿಕೊಡುವ ನನಗೆ ಇದರಲ್ಲಿ ಒಂದು ತಪ್ಪೂ ಕಾಣಿಸಲಿಲ್ಲ. ಇನ್ನು ಓಡಿಸುವುದು ಹೇಗೆ ಎನ್ನುತ್ತೀರಾ? ಹಳೇ ಗಾಡಿಯನ್ನು ತೊಳೆಯುವ ನೆಪದಲ್ಲಿ ಅಂಗಳದಲ್ಲಿ ಹಿಂದೆ ಮುಂದೆ ಮಾಡಿ ಮಾಡಿ ಕಲಿತುಬಿಟ್ಟಿದ್ದರು. "ಎರಡು ಕೋಲು ತಾನೆ? ಮೊಸರು ಕಡೆಯೋಳಿಗೆ ಕೋಲು ಹಿಡಿಯೋದು ಹೇಳ್ಕೊಡ್ಬೇಕಾ?"

ಮೊದಲ ಪರೀಕ್ಷೆ ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ. ಗಾಡಿ ಮದುಮಗಳ ಹಾಗೆ ಹಳದಿ ಬಣ್ಣ ಬಳಿದುಕೊಂಡು ಮಿರಮಿರ ಮಿಂಚುತ್ತಿತ್ತು. ಬ್ರೋಕರು ಮೀಟರಿನ ಗಾಜನ್ನು ತಟ್ಟಿ, "ನೋಡಿ ಆಂಟಿ, ಓಡೇ ಇಲ್ಲ. ಮನೇಲಿಟ್ಟು ಪೂಜೆ ಮಾಡಿದ್ದ ಗಾಡಿ" ಎಂದ. ಅತ್ತೆ ಮೀಟರಿನ ಕಡೆ ತಿರುಗಿಯೂ ನೋಡದೆ ಒಳಗೆ ಕೈಹಾಕಿ ಸೀಟನ್ನು ಒತ್ತಿದರು. ಕೈ ಮೊಣಕೈವರೆಗೆ ಇಳಿಯಿತು.

"ಓಡೇ ಇಲ್ವಾ?"

"ಇಲ್ಲ ಆಂಟಿ, ದೇವ್ರಾಣೆ."

"ಸೀಟು ಇಷ್ಟು ತಗ್ಗಾಗಿದ್ಯಲ್ಲಪ್ಪಾ, ಕೂತಿದ್ದೋನು ಯಾರು? ದಸರಾ ಆನೆಯಾ?"

ಆದರೂ ಹತ್ತಿದರು. ಇಂಥ ಗಾಡಿಗೆ ಪಕ್ಕದಲ್ಲಿ ಬಾಗಿಲಿಲ್ಲ, ಮುಂದಿನ ಬಕೆಟ್ ತುಳಿದುಕೊಂಡೇ ಒಳಗೆ ಹೋಗಬೇಕು. ಅರವತ್ತು ದಾಟಿದ ಹೆಂಗಸು ಇಳಕಲ್ ಸೀರೆಯನ್ನು ಮೊಳಕಾಲಿಗೆ ಎತ್ತಿಕೊಂಡು ಬಕೆಟ್ ಹತ್ತುವುದನ್ನು ನೋಡಲು ಪಕ್ಕದ ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಕಿಟಕಿಗೆ ಬಂದು ಮುತ್ತಿದರು. "ಅಜ್ಜಿ ಸೂಪರ್!" ಎಂದು ಯಾವಳೋ ಕೂಗಿದಳು. ಅತ್ತೆ ಗಾಡಿ ಎಬ್ಬಿಸಿದರು, ಶೆಡ್ಡಿನ ಮುಂದಿನ ಇಟ್ಟಿಗೆ ಚೂರುಗಳ ಮೇಲೆ ಹೋದರು, ಬಂದರು, ಇಳಿದರು. ಸೀರೆ ನೆರಿಗೆಯಿಂದ ಮಜ್ಜಿಗೆ ತೊಟ್ಟಿಕ್ಕುತ್ತಿತ್ತು. ಕರಿಬೇವಿನ ಎಲೆಯೊಂದು ಮಂಡಿಗೆ ಅಂಟಿಕೊಂಡಿತ್ತು. "ಪೂಜೆ ಮಾಡಿದ ಗಾಡಿ ಅಂದ್ಯಲ್ಲ, ನೋಡು, ಅಭಿಷೇಕ ನನಗಾಯ್ತು" ಎಂದು ಹೇಳಿ ಕಾರಿನಲ್ಲಿ ಬಂದು ಕೂತರು. ನನ್ನ ಸೀಟಿನ ಬಟ್ಟೆಗೆ ಆ ವಾಸನೆ ಇವತ್ತಿಗೂ ಇದೆ.

ಆಮೇಲೆ ಇನ್ನೂ ಎಷ್ಟೋ ನೋಡಿದೆವು. ಒಂದರಲ್ಲಿ ರಬ್ಬರ್ ಪಟ್ಟಿ ಸವೆದು ಹಳೇ ಹವಾಯಿ ಚಪ್ಪಲಿಯಾಗಿತ್ತು. ಪಟ್ಟಿ ಬದಲಾಯಿಸುವುದಕ್ಕೆ ಗಾಡಿಯ ಬೆಲೆಯಲ್ಲೇ ದೊಡ್ಡ ಪಾಲು ಬೇಕು ಎಂಬುದು ಅಷ್ಟು ಹೊತ್ತಿಗೆ ನಮಗೆ ತಿಳಿದಿತ್ತು. ಹಾಗಾಗಿ ಅಗ್ಗವೆಂದು ಕರೆದವರ ಗಾಡಿಯ ಕೆಳಗೆ ಅತ್ತೆ ಮೊದಲು ಕೈಯಾಡಿಸುತ್ತಿದ್ದರು. ಇನ್ನೊಂದರಲ್ಲಿ ಎಲ್ಲ ಸರಿ, ಮಜ್ಜಿಗೆಯೂ ಒಂದೆರಡು ಹನಿಯಷ್ಟೇ ತುಳುಕಿತ್ತು, ಆದರೆ ಬೆಲೆ ಕೇಳಿ ಅತ್ತೆ, "ಇದಕ್ಕಿಂತ ನಮ್ಮೆಜಮಾನ್ರಿಗೆ ಹೊಸಾ ಸೊಂಟಾನೇ ಹಾಕಿಸ್ಬಹುದು" ಎಂದರು.

ಕೆಂಗೇರಿ ಕಡೆಯ ಒಂದು ಯಾರ್ಡಿನಲ್ಲಿ ನಡೆದದ್ದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಲ್ಲಿನ ಬ್ರೋಕರು ಬಹಳ ನಯದ ಆಸಾಮಿ. ಗೇಟಿನಲ್ಲೇ ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದ. "ನಮ್ಮಮ್ಮನ್ನೇ ನೋಡ್ದಂಗಾಯ್ತು. ಗಾಡಿ ನೋಡಿ ಅಮ್ಮಾ, ವಿಮಾನ! ವಿಮಾನ ಕೂಡ ಇಷ್ಟು ಸ್ಮೂತಾಗಿ ಹೋಗಲ್ಲ." ಬಿಸಿಲು ಸುಡುತ್ತಿತ್ತು. ಅತ್ತೆ ಚೆಂಬನ್ನು ಅವನ ಕೈಗೆ ಕೊಟ್ಟು, "ಹಿಡ್ಕೊಪ್ಪಾ, ಹತ್ತಿ ಕೂತ ಮೇಲೆ ಕೊಡು" ಎಂದು ಬಕೆಟ್ ಏರಿದರು. ಕೂತು ತಿರುಗಿ ಕೈಚಾಚುವಷ್ಟರಲ್ಲಿ ಆ ಮಹಾನುಭಾವ ಚೆಂಬನ್ನು ಎತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡು, "ತಣ್ಣಗಾಯ್ತು ಅಮ್ಮಾ. ಶುಂಠಿ ಚೂರು ಕಮ್ಮಿ ಆಗಿತ್ತು" ಎಂದ!

ಪರೀಕ್ಷೆಗೆ ಕೂತವನು ಪ್ರಶ್ನೆಪತ್ರಿಕೆಯನ್ನೇ ನುಂಗಿದರೆ ಏನು ಮಾಡುತ್ತೀರಿ? ಇಪ್ಪತ್ತು ವರ್ಷದ ಅನುಭವದಲ್ಲಿ ನನಗೆ ಇಂಥ ವಿದ್ಯಾರ್ಥಿ ಸಿಕ್ಕಿಲ್ಲ. ಅತ್ತೆ ಬಾಯಿ ಬಿಟ್ಟುಕೊಂಡು ಅವನನ್ನೇ ನೋಡಿದರು. ಬೈಯಲು ಮಾತ್ರ ಹೋಗಲಿಲ್ಲ, ಏಕೆಂದರೆ ನಮ್ಮ ಮನೆತನದಲ್ಲಿ ಬಾಯಾರಿ ಕುಡಿದವರನ್ನು ಬೈಯುವ ಪದ್ಧತಿಯಿಲ್ಲ. ಕೊನೆಗೆ, "ಇನ್ನೊಂದ್ ಚೂರು ತರ್ಬೇಕಿತ್ತು ಕಣಪ್ಪಾ" ಎಂದು ಇಳಿದುಬಿಟ್ಟರು. ಮುಂದಿನ ವಾರದಿಂದ ಎರಡು ಚೆಂಬು ಬಂದವು, ಒಂದು ಗಾಡಿಗೆ, ಒಂದು ಬ್ರೋಕರಿಗೆ. ಆ ಎರಡನೆಯದಕ್ಕೆ ಶುಂಠಿ ಜಾಸ್ತಿ.

ಇಷ್ಟೆಲ್ಲ ಆಗುವಾಗ ಮಾವ ಏನು ಮಾಡುತ್ತಿದ್ದರು? ಮೆಟ್ಟಿಲ ಮೇಲೆ ಕೂತಿದ್ದರು. ಒಂದು ದಿನವೂ ಗಾಡಿ ನೋಡಲು ಬರಲಿಲ್ಲ. "ಬನ್ನಿ ಮಾವ, ಹೋಗಿ ಬರೋಣ" ಎಂದು ನಾನು ಕರೆದರೆ ತಲೆ ಅಲ್ಲಾಡಿಸುವರು. ಒಂದು ಸಲ ಮಾತ್ರ, "ನನ್ ಕಥೆ ಮುಗೀತಮ್ಮ. ನಿಮ್ಮತ್ತೆಗೆ ಹೇಳು, ಆ ದುಡ್ಡಲ್ಲಿ ಮೊಮ್ಮಕ್ಕಳಿಗೆ ಏನಾದ್ರೂ ಮಾಡ್ಸಲಿ" ಎಂದರು. ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದೆ. ಅವರು ಮುದ್ದೆ ತೊಳಸುತ್ತಿದ್ದವರು ಕೋಲು ನಿಲ್ಲಿಸದೆ, "ಮುಗೀತೋ ಇಲ್ವೋ ಅಂತ ಹೇಳೋಕೆ ಇವರ್ಯಾರು? ನಾನಿನ್ನೂ ಇದೀನಲ್ಲ!" ಎಂದರು. ಎಂದವರು ಒಲೆಯ ಕಡೆಗೆ ತಿರುಗಿಕೊಂಡರು, ನನಗೆ ಮುಖ ಕಾಣಲಿಲ್ಲ.

ಇನ್ನು ಹೆಣ್ಣುಮಕ್ಕಳು. ರಾಜಾಜಿನಗರದ ದೊಡ್ಡ ಮಗಳು, ಬಿನ್ನಿಪೇಟೆಯ ಅಪಾರ್ಟ್‌ಮೆಂಟಿನ ಚಿಕ್ಕ ಮಗಳು, ಇಬ್ಬರೂ ಒಟ್ಟಿಗೆ ದಂಡೆತ್ತಿ ಬಂದರು. ಜೊತೆಗೆ ಟೆಂಪೋದಲ್ಲಿ ಒಂದು ದೊಡ್ಡ ಪೆಟ್ಟಿಗೆ. ಒಳಗಿದ್ದದ್ದು ಕುರ್ಚಿ! ಸಾಮಾನ್ಯ ಕುರ್ಚಿಯಲ್ಲ, ಸ್ವಿಚ್ಚು ಹಾಕಿದರೆ ಬೆನ್ನು ಒತ್ತುವ, ಕಾಲು ಹಿಸುಕುವ, ತಾನಾಗಿ ಮಲಗಿ ಏಳುವ ಮಸಾಜ್ ಕುರ್ಚಿ.

"ಅಮ್ಮಾ, ಅಪ್ಪ ಇನ್ಮೇಲೆ ಇದ್ರಲ್ಲಿ ಆರಾಮಾಗಿ ಇರ್ಲಿ. ಆ ಗಾಡಿ ಹುಚ್ಚು ಬಿಡು" ಎಂದಳು ದೊಡ್ಡವಳು. "ಜನ ಏನಂತಾರೆ? ಕಾಮಾಕ್ಷಿಪಾಳ್ಯದಲ್ಲಿ ನೀನು ಗಾಡಿ ಓಡ್ಸಿದ್ದನ್ನ ಯಾರೋ ವಿಡಿಯೋ ಮಾಡಿ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿದಾರೆ" ಎಂದಳು ಚಿಕ್ಕವಳು.

"ನೆಟ್ಟಗೆ ಓಡಿಸಿದೀನಾ ವಿಡಿಯೋದಲ್ಲಿ?" ಎಂದು ಅತ್ತೆ ಕೇಳಿದರು.

ಮಾವನನ್ನು ಕುರ್ಚಿಯಲ್ಲಿ ಕೂರಿಸಿ ಸ್ವಿಚ್ಚು ಒತ್ತಿದರು. ಕುರ್ಚಿ ಗುರ್ ಎಂದು ನಡುಗತೊಡಗಿತು. ಮಾವನ ಗಲ್ಲ ನಡುಗಿತು, ಕನ್ನಡಕ ಮೂಗಿನ ತುದಿಗೆ ಜಾರಿತು, "ಆ-ಆ-ಆ-ಆರ್ಸ್ರೇ" ಎನ್ನುವಷ್ಟರಲ್ಲಿ ಮಾತೂ ಚೂರುಚೂರಾಗಿ ಬಂತು. ಅತ್ತೆ ಗೋಡೆಯಿಂದ ವಯರನ್ನೇ ಕಿತ್ತರು.

"ಕುಲುಕಾಟ ಕೂಡದು ಅಂತ ಡಾಕ್ಟ್ರು ಬಡ್ಕೊಂಡಿದಾರೆ. ಸುಮ್ನೆ ಕೂತಿರೋ ಮನುಷ್ಯನ್ನ ಕುಲುಕೋಕೆ ದುಡ್ಡು ಕೊಟ್ಟು ಮೆಷಿನ್ ತಂದಿದೀರಲ್ಲೇ! ನಾನು ಕುಲುಕದೇ ಇರೋ ಮೆಷಿನ್ ತರ್ತೀನಿ ಅಂದ್ರೆ ನನಗೆ ಹುಚ್ಚಾ? ನಿಮ್ಮಪ್ಪ ಆರಾಮ್ ಕೇಳಿದ್ರಾ ನಿಮ್ಮನ್ನ? ಅವ್ರಿಗೆ ಬೇಕಾಗಿರೋದು ಕೆಲಸ. ಆರಾಮಾಗಿರೋ ಕೆಲಸ. ಅಷ್ಟೇ."

ಹೆಣ್ಣುಮಕ್ಕಳು ಕಣ್ಣಲ್ಲಿ ನೀರು ತಂದುಕೊಂಡರು. ಅಪ್ಪನ ಮೇಲೆ ಅವರಿಗೂ ಪ್ರೀತಿಯೇ, ಇಲ್ಲವೆನ್ನಲಾರೆ. ಆದರೆ ಪ್ರೀತಿ ಇದ್ದವರಿಗೆಲ್ಲ ಬುದ್ಧಿಯೂ ಇರಬೇಕೆಂಬ ಕಾನೂನಿಲ್ಲವಲ್ಲ! ಆ ಕುರ್ಚಿ ಈಗ ಮೇಲಿನ ಮನೆಯ ಬಾಡಿಗೆಯವರ ಹಾಲಿನಲ್ಲಿದೆ.

ಕೊನೆಗೆ ಗಾಡಿ ಸಿಕ್ಕಿದ್ದು ಮನೆಯಿಂದ ಕೂಗಳತೆಯ ದೂರದಲ್ಲಿ! ನಾಗರಭಾವಿಯಲ್ಲಿ ಕೆಲಸ ನಿಲ್ಲಿಸುತ್ತಿದ್ದ ಒಬ್ಬ ಕಂಟ್ರಾಕ್ಟರು ತನ್ನ ಸಾಮಾನೆಲ್ಲ ಮಾರುತ್ತಿದ್ದ. ಬಣ್ಣ ಹೋದ, ಒಂದು ಕಡೆ ನೆಗ್ಗಿದ, ನೋಡಿದರೆ ಅಯ್ಯೋ ಎನಿಸುವಂಥ ಗಾಡಿ. ಅತ್ತೆ ಕೆಳಗೆ ಕೈಯಾಡಿಸಿದರು, ರಬ್ಬರಿನ ಹಲ್ಲು ದಪ್ಪಗಿತ್ತು. ಸೀಟು ಒತ್ತಿದರು, ಒಳಗೆ ಹೋಗಿ ಮೆಲ್ಲಗೆ ಮೇಲೆ ಬಂತು. ಹತ್ತಿ, ಚೆಂಬು ಮಂಡಿಗೆ ಸಿಕ್ಕಿಸಿಕೊಂಡು ಹೊರಟರು. ಕಲ್ಲು, ಗುಂಡಿ, ಅರ್ಧ ಕಟ್ಟಿದ ಚರಂಡಿಯ ಅಂಚು, ಒಂದನ್ನೂ ಬಿಡಲಿಲ್ಲ. ವಾಪಸು ಬಂದು ಸೀರೆ ನೋಡಿಕೊಂಡರು. ಒಣಗಿತ್ತು. ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ಮುಖದ ಮೇಲೆ ಮಾತ್ರ ಏನೂ ಇಲ್ಲ. ಚೌಕಾಸಿ ಬಾಕಿ ಇರುವಾಗ ನಗಬಾರದು ಎಂಬುದು ಅವರ ನಿಯಮ.

ಆಮೇಲೆ ನಡೆದದ್ದನ್ನು ವ್ಯಾಪಾರ ಎನ್ನಲು ನನಗೆ ನಾಚಿಕೆ. ಗಾಂಧಿಬಜಾರಿನಲ್ಲಿ ಹುರುಳಿಕಾಯಿ ಕೊಳ್ಳುವ ಹಾಗೆ ಮಾಡಿಬಿಟ್ಟರು! ಆ ನೆಗ್ಗಿಗೆ ಇಷ್ಟು ಕಳಿ, ಹೋದ ಬಣ್ಣಕ್ಕೆ ಇಷ್ಟು ಕಳಿ, ಕಾರಿಗೆ ವಾಪಸು ಹೋಗಿ ಕೂತಂತೆ ಮಾಡುವುದು, ಅವನು ಕರೆಯುವವರೆಗೆ ಬ್ಯಾಗಿನಲ್ಲಿ ಏನೋ ಹುಡುಕುವುದು. ಕೊನೆಗೆ ಬೆಲೆ ಕುದುರಿತು ಎಂದು ಕಂಟ್ರಾಕ್ಟರು ಉಸಿರು ಬಿಡುವಾಗ, "ಸರಿ, ಕೊಸರು ಏನ್ ಹಾಕ್ತೀಯ?" ಎಂದರು.

"ಕೊಸರಾ? ಅಮ್ಮಾ, ಇದು ಗಾಡಿ!"

"ಒಂದು ಕಟ್ಟು ಸೊಪ್ಪು ತಗೊಂಡ್ರೇ ಎರಡು ಕಡ್ಡಿ ಕೊತ್ತಂಬ್ರಿ ಹಾಕ್ತಾರೆ. ಇಷ್ಟು ದೊಡ್ಡ ವ್ಯಾಪಾರಕ್ಕೆ ಏನೂ ಇಲ್ವಾ?" ಮೂಲೆಯಲ್ಲಿದ್ದ ಒಂದು ಬಿಡಿ ಬಕೆಟ್ಟಿನ ಮೇಲೆ ಅವರ ಕಣ್ಣಿತ್ತು. ಆಳೆತ್ತರದ ಕಬ್ಬಿಣದ ಬಕೆಟ್ಟು! ಆ ಮನುಷ್ಯ ಸೋತು ಅದನ್ನೂ ಲಾರಿಗೆ ಹಾಕಿಸಿದ.

ಗಾಡಿ ಮನೆ ಪಕ್ಕದ ಖಾಲಿ ಸೈಟಿಗೆ ಬಂದು ಇಳಿಯಿತು. ಹಿಂದಿನ ದಿನ ಜೋರು ಮಳೆ, ನೆಲವೆಲ್ಲ ಹದಗೊಂಡ ಕೆಸರು. ಪೂಜೆಗೆ ಪುರೋಹಿತರು ಬಂದರು. ಗಾಡಿ ಪೂಜೆ ಎಂದರೆ ಗೊತ್ತಲ್ಲ, ಕುಂಕುಮ ಹೂವು ಎಲ್ಲ ಆದ ಮೇಲೆ ಪ್ರತಿ ಚಕ್ರದ ಕೆಳಗೂ ಒಂದು ನಿಂಬೆಹಣ್ಣಿಟ್ಟು ಹತ್ತಿಸಬೇಕು, ಅದು ಪಚಕ್ಕನೆ ಒಡೆಯಬೇಕು, ದೃಷ್ಟಿ ಹೋಗಬೇಕು. ಪುರೋಹಿತರು ನಾಲ್ಕು ನಿಂಬೆಹಣ್ಣು ಹಿಡಿದು ಗಾಡಿಗೆ ಒಂದು ಪ್ರದಕ್ಷಿಣೆ ಬಂದರು. ಇನ್ನೊಂದು ಬಂದರು.

"ಚಕ್ರ ಎಲ್ಲಮ್ಮಾ?"

"ಇಲ್ಲ ಸ್ವಾಮಿ. ಪಟ್ಟಿ."

ಶಾಸ್ತ್ರದಲ್ಲಿ ಪಟ್ಟಿಗೆ ಎಷ್ಟು ಎಂದು ಹೇಳಿಲ್ಲವಂತೆ. ಕೂಡಿದ್ದ ನೆಂಟರಲ್ಲಿ ಒಬ್ಬರು ಎರಡು ಎಂದರು, ಒಬ್ಬರು ಪಟ್ಟಿಯ ಉದ್ದಕ್ಕೂ ಸಾಲಾಗಿ ಇಡಿ ಎಂದರು. ಕೊನೆಗೆ ಪಟ್ಟಿಗೆ ಒಂದರಂತೆ ಎರಡು ಎಂದು ಅತ್ತೆ ತೀರ್ಪು ಕೊಟ್ಟರು, ಉಳಿದೆರಡು ಪಾನಕಕ್ಕೆ ಹೋದವು. ಈಗ ಹತ್ತಿಸುವವರು ಯಾರು? ಎಲ್ಲರೂ ಮೆಟ್ಟಿಲ ಕಡೆ ನೋಡಿದೆವು. ಮಾವ ಅಲ್ಲೇ ಕೂತಿದ್ದರು. ಅತ್ತೆ ಕರೆದರು, "ಬನ್ರೀ." ಮಾವ ಅಲುಗಲಿಲ್ಲ. ಮಗಳು ಕರೆದಳು. ಅಲುಗಲಿಲ್ಲ. ಆ ಒಂದು ಕ್ಷಣ ಅತ್ತೆಯ ಮುಖದಲ್ಲಿ ಎಲ್ಲ ಇಳಿದುಹೋದದ್ದು ನಾನು ನೋಡಿದೆ. ಇಷ್ಟೂ ಓಡಾಟ ಯಾರಿಗಾಗಿಯೋ ಅವರೇ ಬೇಡವೆಂದರೆ ಆ ಗಾಡಿ ಏನು? ಗುಜರಿ. ಆದರೆ ಒಂದೇ ಕ್ಷಣ. ಸೆರಗು ಸೊಂಟಕ್ಕೆ ಹೋಯಿತು, ಅತ್ತೆ ಬಕೆಟ್ ಏರಿದರು.

ಗಾಡಿ ನಿಂಬೆಹಣ್ಣಿನ ಮೇಲೆ ಹೋಯಿತು. ಪಚಕ್ ಎಂಬ ಸದ್ದಿಗೆ ಎಲ್ಲರೂ ಕಿವಿಗೊಟ್ಟು ನಿಂತೆವು. ಸದ್ದೇ ಇಲ್ಲ! ಗಾಡಿ ಮುಂದೆ ಸರಿದ ಮೇಲೆ ಪುರೋಹಿತರು ಬಗ್ಗಿ ನೋಡಿದರು. ಎರಡು ನಿಂಬೆಹಣ್ಣೂ ಕೆಸರಿನಲ್ಲಿ ಮೆತ್ತಗೆ ಹೂತುಕೊಂಡು, ಒಂದು ಗೀರೂ ಇಲ್ಲದೆ, ಮಲಗಿದ ಕೂಸುಗಳ ಹಾಗೆ ಇದ್ದವು. ಪುರೋಹಿತರ ಮುಖ ಕಪ್ಪಿಟ್ಟಿತು. "ಒಡೀಲಿಲ್ಲಮ್ಮಾ... ಇದು ಅಷ್ಟು ಒಳ್ಳೇ ಶಕುನ ಅಲ್ಲ." ನೆಂಟರಲ್ಲಿ ಗುಜುಗುಜು ಎದ್ದಿತು. ನಾವು ಮೊದಲೇ ಹೇಳಿದ್ವಿ ಎನ್ನುವವರು ಇರುತ್ತಾರಲ್ಲ, ಅವರು ಬಾಯಿ ತೆರೆಯಲು ಸಿದ್ಧರಾದರು.

ಅತ್ತೆ ಗಾಡಿಯ ಗೂಡಿನಿಂದಲೇ ಕೂಗಿದರು, ಮಲ್ಲತ್ತಹಳ್ಳಿ ಕೆರೆಯ ಆಚೆ ದಡಕ್ಕೆ ಕೇಳುವ ಹಾಗೆ: "ಯಾವೋನ್ರೀ ಅದು ಅಪಶಕುನ ಅನ್ನೋನು? ನಿಂಬೆಹಣ್ಣಿಗೇ ನೋವಾಗಿಲ್ಲ ಅಂದ್ಮೇಲೆ ನಮ್ಮೆಜಮಾನ್ರ ಸೊಂಟಕ್ಕೆ ನೋವಾಗತ್ತಾ? ನಾನ್ ಇಷ್ಟು ದಿನ ಹುಡುಕಿದ್ದು ಇದನ್ನೇ ಕಣ್ರೀ!"

ಮೆಟ್ಟಿಲ ಕಡೆಯಿಂದ ಚಪ್ಪಲಿಯ ಸದ್ದು ಬಂತು. ಮಾವ ಬಂದರು, ಕೆಸರಿಗೆ ಇಳಿದರು, ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಬಗ್ಗಿ ಒಂದು ನಿಂಬೆಹಣ್ಣು ಎತ್ತಿಕೊಂಡರು. ಪಂಚೆಯ ತುದಿಯಿಂದ ಒರೆಸಿದರು. ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಮತ್ತೆ ಬಗ್ಗಿ ಒಂದು ಹಿಡಿ ಮಣ್ಣೂ ತೆಗೆದು ಬೆರಳಲ್ಲಿ ಉಜ್ಜಿದರು.

"ಇಳಿಯೇ ಕೆಳಗೆ. ಗೇರು ಕಿತ್ಹಾಕ್ಬಿಡ್ತೀಯ" ಎಂದರು.

ಎಷ್ಟೋ ತಿಂಗಳಿನ ಮೇಲೆ ಬಂದ ಬೈಗುಳ! ಅತ್ತೆ ಎಂದೂ ಇಲ್ಲದ ವಿಧೇಯತೆಯಿಂದ ಇಳಿದರು. ಮಾವ ಬಕೆಟ್ ತುಳಿದು ಹತ್ತಿದರು, ಕೂತರು, ಕೋಲು ಹಿಡಿದರು. ಸೈಟಿನ ಆ ತುದಿಗೆ ಹೋಗಿ ಮಣ್ಣಿನ ಒಂದು ಗುಡ್ಡೆ ಎತ್ತಿ ಈ ತುದಿಗೆ ತಂದು ಸುರಿದರು. ಮತ್ತೆ ಹೋದರು, ಮತ್ತೆ ತಂದರು. ಆ ಮಣ್ಣನ್ನು ಆ ಕಡೆಯಿಂದ ಈ ಕಡೆಗೆ ಹಾಕುವ ಅಗತ್ಯ ಯಾರಿಗೂ ಇರಲಿಲ್ಲ. ಡಾಕ್ಟರು ಹೇಳಿದ ಸ್ವಲ್ಪ ಹೊತ್ತು ಮುಗಿದಾಗ ಇಳಿದು ಬಂದರು, ಯಾರ ಕೈಯನ್ನೂ ಹಿಡಿಯದೆ. ಮಧ್ಯಾಹ್ನದ ಊಟಕ್ಕೆ ಮೂರನೇ ಮುದ್ದೆ ಕೇಳಿದರು. ಬಡಿಸಿದ್ದು ನಾನೇ, ಅತ್ತೆ ಅಲ್ಲಿರಲಿಲ್ಲ.

ಸಂಜೆ ನೆಂಟರೆಲ್ಲ ಹೋದ ಮೇಲೆ, ಹೊರಡುತ್ತೇನೆಂದು ಹೇಳಲು ಅತ್ತೆಯನ್ನು ಹುಡುಕಿಕೊಂಡು ಒಳಗೆ ಹೋದೆ. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅತ್ತೆ ಚಾಪೆಯ ಮೇಲೆ ಬೋರಲು ಮಲಗಿದ್ದರು. ಮಾವ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟನ್ನು ಒಲೆಯಿಂದ ತಂದಿಟ್ಟ ಕಾವಲಿಯ ಮೇಲೆ ಬಿಸಿ ಮಾಡಿ ಅವರ ಸೊಂಟಕ್ಕೆ ಶಾಖ ಕೊಡುತ್ತಿದ್ದರು. ಅತ್ತೆ ಹಲ್ಲು ಕಚ್ಚಿಕೊಂಡು ನರಳುತ್ತಿದ್ದರು. ಅವರು ನರಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಏನಾಯ್ತತ್ತೆ?" ಎಂದೆ.

"ಏನಾಗಿದೆ? ಏನೂ ಆಗಿಲ್ಲ! ಹೋಗು ನೀನು, ಮನೇಗ್ ಹೋಗು" ಎಂದು ಅತ್ತೆ ಗದರಿಸಿದರು.

ಮಾವ ಗಂಟನ್ನು ಮತ್ತೆ ಕಾವಲಿಯ ಮೇಲಿಟ್ಟರು. ನನ್ನ ಕಡೆ ತಿರುಗದೆ ಮೆಲ್ಲಗೆ ಹೇಳಿದರು. "ಮಳೆಗಾಲ ಶುರುವಾದಾಗಿಂದ ಹಿಂಗೇ ಕಣಮ್ಮ. ಯಾರಿಗೂ ಗೊತ್ತಾಗ್ಲಿಲ್ಲ ಅಂದ್ಕೊಂಡಿದಾಳೆ. ಅಷ್ಟೂ ಗಾಡಿ ಹತ್ತಿ, ಅಷ್ಟೂ ಗುಂಡಿ ಹಾರ್ಸಿ... ನನ್ಸೊಂಟಕ್ಕೆ ಬೀಳ್ಬೇಕಾಗಿದ್ದ ಏಟೆಲ್ಲ ಇವಳು ತಿಂದಿದಾಳೆ."

ನನಗೆ ಅಳು ಬಂದುಬಿಟ್ಟಿತು. ಬಂದರೆ ಬಂತು, ನಾನೇನು ಮುಚ್ಚಿಡುವುದಿಲ್ಲ. ವಾರ ವಾರ ಕಾರು ಓಡಿಸಿಕೊಂಡು ಪಕ್ಕದಲ್ಲೇ ಕೂತಿದ್ದವಳು ನಾನು. ಕಾರಿನಿಂದ ಇಳಿಯುವಾಗ ಅವರು ಬಾಗಿಲು ಹಿಡಿದು ಒಂದು ಗಳಿಗೆ ಹಾಗೇ ನಿಲ್ಲುತ್ತಿದ್ದದ್ದನ್ನು ಸೀರೆ ಸರಿಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ.

"ಮಾತು ಸಾಕ್ರೀ, ಉಪ್ಪು ಆರ್ತಾ ಇದೆ" ಎಂದರು ಅತ್ತೆ ದಿಂಬಿನೊಳಗಿಂದ. "ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡ್ತೀರಾ ಕೆಲಸಕ್ಕೆ?"

ಮಾವ ಗಂಟನ್ನು ತಮ್ಮ ಕೆನ್ನೆಗೆ ತಾಗಿಸಿ ಬಿಸಿ ನೋಡಿ, ಅತ್ತೆಯ ಸೊಂಟದ ಮೇಲಿಟ್ಟು, ಅಂಗೈಯಲ್ಲಿ ಒತ್ತಿ ಹಿಡಿದರು.

"ನೀನು ನೆಟ್ಟಗೆ ಎದ್ದು ನಿಂತ್ಮೇಲೆ" ಎಂದರು.